ಲಾಕ್‌ಡೌನ್ ಎಲ್ಲರಿಗೂ ಇತ್ತಲ್ಲ ಎನ್ನುವವರಿಗೆ

ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಶಿಕ್ಷಕಿ. ಮದುವೆ ಮನೆಯಿರಲಿ, ಬಸ್ಸಿನ ಪಕ್ಕದ ಸೀಟಿರಲಿ, ಇಷ್ಟು ಹೇಳುವಷ್ಟರಲ್ಲಿ ಪ್ರಶ್ನೆ ಬಂದೇ ಬರುತ್ತದೆ: "ಏಳನೆಯ ತರಗತಿಗೆ ಬಂದರೂ ನಿಮ್ಮ ಮಕ್ಕಳಿಗೆ ನೆಟ್ಟಗೆ ಓದಲು ಬರುವುದಿಲ್ಲವಂತಲ್ಲ, ಯಾಕೆ?" ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿತ್ತು ಎಂದರೆ ಬಾಯಿಗೆ ಬಾಯಿ ಕೊಟ್ಟಂತೆ ಮತ್ತೊಂದು: "ಲಾಕ್‌ಡೌನ್ ಎಲ್ಲರಿಗೂ ಇತ್ತಲ್ಲ, ನಮ್ಮ ಮಕ್ಕಳು ಕಲಿಯಲಿಲ್ಲವೇ?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಇಲ್ಲ, ಎಲ್ಲರಿಗೂ ಒಂದೇ ಲಾಕ್‌ಡೌನ್ ಇರಲಿಲ್ಲ. 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆ, ಹನ್ನೆರಡಕ್ಕೆ ದೇಶವೇ ಬಂದ್. ಮನೆಯೊಳಗೇ ಅಂತರ ಕಾಯ್ದುಕೊಳ್ಳಿ ಎಂದರು. 2011ರ ಜನಗಣತಿಯ ಪ್ರಕಾರ ಈ ದೇಶದ ಶೇ 37ರಷ್ಟು ಕುಟುಂಬಗಳಿಗೆ ಇರುವುದೇ ಒಂದು ಕೋಣೆ. ಅಲ್ಲಿ ಯಾರಿಂದ ಯಾರು ಎಲ್ಲಿಗೆ ಸರಿಯಬೇಕಿತ್ತು? ಕರ್ನಾಟಕದಲ್ಲಿ ಮದ್ಯದಂಗಡಿಗಳು 2020ರ ಮೇ 4ರಂದೇ ತೆರೆದವು. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಈ ಎರಡು ದಿನಾಂಕಗಳನ್ನು ನಾನು ಮರೆಯುವುದಿಲ್ಲ.

ಕಳೆದ ವರ್ಷ ಬೆಂಗಳೂರಿನಲ್ಲಿ ಚಿಕ್ಕಪ್ಪನ ಮಗನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕುಳಿತಿದ್ದ ಹಿರಿಯರು ಹೇಳಿದರು: "ನಮ್ಮ ಮೊಮ್ಮಗಳು ಆನ್‌ಲೈನಿನಲ್ಲೇ ಓದಿ ಮೊದಲಿಗಿಂತ ಹೆಚ್ಚು ಅಂಕ ತೆಗೆದಳು. ಮನಸ್ಸಿದ್ದರೆ ಮಾರ್ಗ, ತಾಯಿ." ಹಾಕಿಸಿಕೊಂಡಿದ್ದ ಹೋಳಿಗೆ ಎಲೆಯಲ್ಲೇ ಉಳಿಯಿತು. ಪಂಕ್ತಿಯಲ್ಲಿ ಮಾತು ಬೆಳೆಸಬಾರದೆಂದು ಸುಮ್ಮನಿದ್ದೆ. ಇಲ್ಲಿ ಹೇಳುತ್ತೇನೆ.

ನಿಮ್ಮ ಮೊಮ್ಮಗಳಿಗೆ ಬೇರೆ ಕೋಣೆಯಿತ್ತು, ಲ್ಯಾಪ್‌ಟಾಪ್ ಇತ್ತು, ಮನೆಯಲ್ಲೇ ಕುಳಿತು ಕಚೇರಿಯ ಕೆಲಸ ಮಾಡುತ್ತಿದ್ದ ಓದಿದ ಅಪ್ಪ ಅಮ್ಮ ಇದ್ದರು. ನಮ್ಮ ಮಕ್ಕಳ ಅಪ್ಪ ಅಮ್ಮ ನಿಮ್ಮ ಊರಿಗೇ ಗುಳೆ ಹೋಗಿ, ನಿಮ್ಮವರ ಮನೆಗಳನ್ನೇ ಕಟ್ಟುತ್ತಿದ್ದರು. ಕೆಲಸ ನಿಂತ ಮೇಲೆ ಅವರಿಗೆ ಕೂಲಿಯೂ ಇಲ್ಲ, ಊರಿಗೆ ಬಸ್ಸೂ ಇಲ್ಲ. ಬೆಂಗಳೂರಿನಿಂದ ನಮ್ಮ ಜಿಲ್ಲೆಗೆ ನಡೆದೇ ಹೊರಟಿದ್ದ ಕಟ್ಟಡ ಕಾರ್ಮಿಕ ಹೆಣ್ಣುಮಗಳೊಬ್ಬಳು ಆ ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ತೀರಿಕೊಂಡಳು. ಹೀಗೆ ಊರಿಗೆ ಮರಳುವಾಗ ಸತ್ತ ವಲಸೆ ಕಾರ್ಮಿಕರ ಲೆಕ್ಕ ತನ್ನಲ್ಲಿಲ್ಲ ಎಂದು ಕೇಂದ್ರ ಕಾರ್ಮಿಕ ಸಚಿವಾಲಯ ಸೆಪ್ಟೆಂಬರ್‌ನಲ್ಲಿ ಸಂಸತ್ತಿಗೆ ತಿಳಿಸಿತು. ಊರು ಮುಟ್ಟಿದವರು 275 ರೂಪಾಯಿ ಕೂಲಿಗೆ ಉದ್ಯೋಗ ಖಾತ್ರಿಯ ಕೆರೆ ಹೂಳೆತ್ತಲು ಹೋದರು. ಮನೆಗೊಂದೇ ಮೊಬೈಲ್, ಅದು ಅಪ್ಪನ ಅಂಗಿಯ ಜೇಬಿನಲ್ಲಿ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಮಗು ಯಾವ ಮಾರ್ಗ ಹಿಡಿಯಬೇಕಿತ್ತು?

ಶಿಕ್ಷಕರು ಮನೆಯಲ್ಲಿ ಕುಳಿತು ಸಂಬಳ ತಿಂದರು ಎನ್ನುವವರೂ ಇದ್ದಾರೆ. 2020ರ ಆಗಸ್ಟ್‌ನಲ್ಲಿ, ಶಾಲೆಯ ಹೊರಗೇ ಮಕ್ಕಳನ್ನು ಕೂಡಿಸಿ ಕಲಿಸುವ ಸರ್ಕಾರದ ವಿದ್ಯಾಗಮ ಯೋಜನೆ ಶುರುವಾದಾಗ ಓಣಿ ಓಣಿಗೆ ಹೋಗಿ ಪಾಠ ಮಾಡಿದೆವು. ಹನುಮಪ್ಪನ ಗುಡಿಯ ಕಟ್ಟೆಯಲ್ಲಿ ನೆರಳಿದೆ, ಅಲ್ಲೇ ಕೂಡಿಸಿ ಎಂದರು ಊರವರು. ದಲಿತ ಕೇರಿಯ ಮಕ್ಕಳು ಕಟ್ಟೆ ಹತ್ತಲಿಲ್ಲ, ಚೀಲ ಎದೆಗವಚಿಕೊಂಡು ಕೆಳಗೇ ನಿಂತರು. ಹತ್ತಬಾರದು ಎಂದು ಅವರಿಗೆ ಅಂದು ಯಾರೂ ಹೇಳಬೇಕಾಗಿರಲಿಲ್ಲ. ನಾನು ಎಲ್ಲರನ್ನೂ ಎಬ್ಬಿಸಿಕೊಂಡು ಬೇವಿನ ಮರದ ಕೆಳಗೆ ಹೋದೆ. ಊರಿನ ಎಲ್ಲ ಮಕ್ಕಳೂ ಒಂದೇ ಸೂರಿನಡಿ ಕೂಡುವ ಜಾಗ ಶಾಲೆಯೊಂದೇ ಎಂಬುದು ಆ ದಿನ ಕಣ್ಣಿಗೆ ರಾಚಿತು. ಅಕ್ಟೋಬರ್‌ನಲ್ಲಿ ವಿದ್ಯಾಗಮವನ್ನೂ ನಿಲ್ಲಿಸಿದರು.

ಓದಿನ ಪ್ರಶ್ನೆಯನ್ನೇ ಎಲ್ಲರೂ ಕೇಳುತ್ತಾರೆ. ಆ ಮಕ್ಕಳು ಅಷ್ಟು ದಿನ ಏನು ಉಂಡರು ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಕೇಳಬೇಕಿತ್ತು. ಅಕ್ಷರ ದಾಸೋಹದ ಬಿಸಿಯೂಟ 2002ರಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ನಮ್ಮದೂ ಒಂದು, ಇಲ್ಲಿಯ ಹಸಿವು ಅಂಥದ್ದು. ಅನ್ನ ಸಾಂಬಾರ್, ವಾರಕ್ಕೆ ಐದು ದಿನ ಬಿಸಿ ಹಾಲು, ಕಬ್ಬಿಣಾಂಶದ ಮಾತ್ರೆ, ಜಂತುಹುಳುವಿನ ಮಾತ್ರೆ, ದೊಡ್ಡ ಹುಡುಗಿಯರಿಗೆ ಶುಚಿ ಯೋಜನೆಯ ಪ್ಯಾಡ್, ಎಲ್ಲವೂ ಶಾಲೆಯ ಬಾಗಿಲಿನಿಂದಲೇ ಬರುತ್ತಿದ್ದವು. ಬಾಗಿಲು ಹಾಕಿದಾಗ ಪಾಠದ ಜೊತೆ ಇವೂ ನಿಂತವು. ಬಿಸಿಯೂಟದ ಬದಲು ಅಕ್ಕಿ ಬೇಳೆ ಕೊಟ್ಟರು, ನಿಜ. ನಾವೇ ತೂಗಿ ಹಂಚಿದೆವು. ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿಯ ಲೆಕ್ಕ. ಕೆಲವು ತಿಂಗಳದ್ದು ಒಟ್ಟಿಗೆ ಬಂದಾಗ ಅಜ್ಜಿಯೊಬ್ಬರು ಮೊಮ್ಮಗನ ಪಾಲಿನ ಅಕ್ಕಿಯನ್ನು ಸೆರಗಿಗೆ ಹಾಕಿಸಿಕೊಂಡು, "ಈ ವಾರ ಎಲ್ಲರಿಗೂ ಆಯಿತು" ಎಂದರು. ಮನೆಯಲ್ಲಿ ಆರು ಜನ. ಶಾಲೆಯಲ್ಲಿ ತಟ್ಟೆಗೆ ಬಡಿಸಿದ್ದು ಆ ಹುಡುಗನ ಹೊಟ್ಟೆಗೇ ಹೋಗುತ್ತಿತ್ತು. ಮನೆಗೆ ಹೋದ ಅಕ್ಕಿ ಆರು ಪಾಲಾಯಿತು, ಆಗಬೇಕಾದದ್ದೇ. ತಪ್ಪು ಆ ಅಜ್ಜಿಯದ್ದಲ್ಲ.

ಹತ್ತಿ ಬಿಡಿಸುವ ಕಾಲಕ್ಕೆ ಬೆಳಗಿನ ಟಂಟಂ ಆಟೊಗಳಲ್ಲಿ ನಮ್ಮ ಮಕ್ಕಳೇ ತುಂಬಿಕೊಂಡು ಹೋದರು. ಶಾಲೆಯಿದ್ದಾಗ ಹಾಜರಿ ಹಾಕಿ, ಬಾರದವರ ಮನೆಗೆ ಹೋಗಿ ಕರೆತರುತ್ತಿದ್ದೆವು. ಶಾಲೆಯೇ ಮುಚ್ಚಿದ್ದಾಗ ಯಾರ ಮನೆಗೆ ಹೋಗಿ, ಎಲ್ಲಿಗೆ ಬಾ ಎನ್ನುವುದು? ಹೆಣ್ಣುಮಕ್ಕಳ ಕಥೆ ಇನ್ನೂ ಕಷ್ಟದ್ದು. ಲಾಕ್‌ಡೌನ್ ನಿಯಮದ ಐವತ್ತು ಜನರ ಮದುವೆ ಎಂದರೆ ಖರ್ಚು ಕಡಿಮೆ, ಕೇಳುವವರೂ ಕಡಿಮೆ. ಬಾಲ್ಯವಿವಾಹ ಕರ್ನಾಟಕದಲ್ಲಿ ಮೊದಲಿನಿಂದಲೇ ಅಸಿಂಧು ಎನ್ನುವ ಕಾನೂನಿದೆ. ಆದರೆ ಹುಡುಗಿ ಎರಡು ದಿನದಿಂದ ತರಗತಿಗೆ ಬಂದಿಲ್ಲ ಎಂದು ಮೊದಲು ಗಮನಿಸುವವಳು ಅವಳ ಟೀಚರ್.

2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ 16 ಸಾವಿರ ಸರ್ಕಾರಿ ಶಾಲಾ ಮಕ್ಕಳನ್ನು ಪರೀಕ್ಷಿಸಿದರು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಶೇ 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಹೊಸದನ್ನು ಕಲಿಯದಿರುವುದು ಒಂದು ಕಡೆ, ಕಲಿತದ್ದೂ ಕೈಬಿಟ್ಟಿತ್ತು.

ಶಾಲೆ ತೆರೆದ ದಿನ ಒಬ್ಬ ಹುಡುಗ ನೇರವಾಗಿ ಎರಡನೆಯ ತರಗತಿಯ ಕೋಣೆಗೆ ಹೋಗಿ ತನ್ನ ಹಳೆಯ ಜಾಗದಲ್ಲಿ ಕುಳಿತ. "ನೀನೀಗ ನಾಲ್ಕನೆಯ ತರಗತಿ" ಎಂದೆ. "ಮೂರನೆಯದು ಯಾವಾಗ ಆಯಿತು ಟೀಚರ್?" ಎಂದು ಕೇಳಿದ. ನಮಗೆಲ್ಲ ನಗು ತಡೆಯಲಾಗಲಿಲ್ಲ, ಅವನೂ ನಕ್ಕ. ಉತ್ತರ ಮಾತ್ರ ಯಾರಲ್ಲೂ ಇರಲಿಲ್ಲ.

ನೀವು ಕೇಳುವ ಏಳನೆಯ ತರಗತಿಯ ಮಗು ಅವನೇ. ಅವನು ಈಗ ಓದುತ್ತಾನೆ, ನಿಧಾನವಾಗಿ, ಒತ್ತಕ್ಷರ ಬಂದಾಗ ಬೆರಳಿಟ್ಟು. ಸಂಜೆ ಗಂಟೆ ಹೊಡೆದ ಮೇಲೂ ಅಂಥ ಮಕ್ಕಳನ್ನು ಕೂಡಿಸಿ ಓದಿಸುತ್ತೇವೆ. ಅದು ನಮ್ಮ ಕೆಲಸ, ಮಾಡುತ್ತೇವೆ. ಮುಂದಿನ ಸಲ ಸಿಕ್ಕಾಗ, ಅವನ ಜೊತೆ ಎರಡನೆಯ ತರಗತಿಯಲ್ಲಿದ್ದು ನಾಲ್ಕನೆಯದಕ್ಕೆ ಮರಳಿ ಬಾರದವರು ಯಾರು ಯಾರು ಎಂದು ಕೇಳಿ. ಎರಡೂ ವರ್ಷದ ಹಾಜರಿ ಪುಸ್ತಕ ನನ್ನ ಬಳಿ ಇದೆ.