ತಕಯಾಮಾ ಜಾತ್ರೆಗೆ ಹೊರಡುವವರಿಗೆ

ಜಪಾನಿನ ಗಿಫು ಪ್ರಾಂತ್ಯದ ಬೆಟ್ಟಗಳ ನಡುವಿನ ತಕಯಾಮಾದಲ್ಲಿ ವರ್ಷಕ್ಕೆ ಎರಡು ಜಾತ್ರೆ. ಹಿಯೆ ದೇಗುಲದ್ದು ಏಪ್ರಿಲ್ 14-15ಕ್ಕೆ, ಸಕುರಾಯಾಮಾ ಹಚಿಮಾನ್ ದೇಗುಲದ್ದು ಅಕ್ಟೋಬರ್ 9-10ಕ್ಕೆ. ವಾರ ಯಾವುದೇ ಬರಲಿ, ತಾರೀಖು ಬದಲಾಗುವುದಿಲ್ಲ.

ಏಪ್ರಿಲ್‌ನಲ್ಲಿ 12 ತೇರು, ಅವುಗಳಲ್ಲಿ ಮೂರರ ಮೇಲೆ ಸೂತ್ರದ ಗೊಂಬೆಯಾಟ. ಚೆರ್ರಿ ಹೂವು ಅರಳುವುದೂ ಸಾಮಾನ್ಯವಾಗಿ ಆಗಲೇ. ಅಕ್ಟೋಬರ್‌ನಲ್ಲಿ 11 ತೇರು, ಗೊಂಬೆಯಾಟ ಒಂದರ ಮೇಲೆ ಮಾತ್ರ. ಆದರೆ ಆ ಹೊತೆಯಿತಾಯ್ ತೇರಿನ ಆಟವೇ ಎಲ್ಲಕ್ಕಿಂತ ಕಷ್ಟದ್ದು. ಒಳಗೆ ಅಡಗಿ ಕೂತ 9 ಜನ 36 ಸೂತ್ರ ಎಳೆಯುತ್ತಾರೆ. ಎರಡು ಬಾಲಕ ಗೊಂಬೆಗಳು ಕೋಲಿನಿಂದ ಕೋಲಿಗೆ ಜೀಕಿ ಬಂದು ಹೊತೆಯಿ ದೇವರ ಮೇಲೇರುತ್ತವೆ. ಗೊಂಬೆಯಾಟಕ್ಕೇ ಹೋಗುವವರು ಅಕ್ಟೋಬರ್ ಆರಿಸಿಕೊಳ್ಳಿ. ಮುಂದಿನ ಸಾಲಿನಲ್ಲಿ ಜಾಗ ಬೇಕೆಂದರೆ ಆಟಕ್ಕೆ ಒಂದು ಗಂಟೆ ಮೊದಲೇ ಹೋಗಿ ನಿಲ್ಲಬೇಕು.

ಯೋಜನೆ ಕೆಡಿಸುವುದು ಮಳೆ. ತೇರುಗಳ ಮೈತುಂಬ ಅರಗು, ಚಿನ್ನದ ಲೇಪ, ಕಸೂತಿ ಪರದೆ. ತುಂತುರು ಹನಿದರೂ ಹೊರಗೆ ತರುವುದಿಲ್ಲ. ತಪ್ಪಿದ ಮೆರವಣಿಗೆಯನ್ನು ಮರುದಿನಕ್ಕೆ ಮುಂದೂಡುವ ಪದ್ಧತಿಯೂ ಇಲ್ಲ. ಹಾಗಾದಾಗ ಓಣಿಗಳಲ್ಲಿರುವ ಎತ್ತರದ ತೇರುಮನೆಗಳಿಗೆ ಹೋಗಿ: ಬಾಗಿಲು ತೆರೆದು ತೇರನ್ನು ಅಲ್ಲಿಯೇ ನೋಡಲು ಇಟ್ಟಿರುತ್ತಾರೆ, ಕೆತ್ತನೆ ಹತ್ತಿರದಿಂದ ಕಾಣುತ್ತದೆ. ಎರಡೂ ದಿನ ಊರಲ್ಲಿರುವಂತೆ ಬುಕ್ ಮಾಡುವುದೇ ಜಾಣತನ.

ರಾತ್ರಿ ಮೆರವಣಿಗೆ ಮೊದಲ ದಿನ ಮಾತ್ರ, ಪ್ರತಿ ತೇರಿಗೂ ಸುಮಾರು 100 ಕಾಗದದ ಲಾಟೀನು. ನಗೋಯಾದಿಂದ ಬೆಳಿಗ್ಗೆ ಬಂದು ರಾತ್ರಿ ಮರಳುತ್ತೇವೆ ಎನ್ನುವವರಿಗೆ ಇದು ಪೂರ್ತಿ ದಕ್ಕುವುದಿಲ್ಲ. ಮುಗಿಯುವ ಮೊದಲೇ ಕೊನೆಯ ಎಕ್ಸ್‌ಪ್ರೆಸ್ ಹೊರಟಿರುತ್ತದೆ. ತಕಯಾಮಾದ ಕೋಣೆಗಳು ತಿಂಗಳುಗಳ ಮೊದಲೇ ತುಂಬುತ್ತವೆ. ಸಿಗದಿದ್ದರೆ ರೈಲಿನಲ್ಲಿ ಕಾಲು ಗಂಟೆ ದೂರದ ಹಿದಾ-ಫುರುಕಾವಾ ನೋಡಿ, ಮರಳುವ ಕೊನೆಯ ರೈಲಿನ ವೇಳೆ ಮೊದಲೇ ಬರೆದಿಟ್ಟುಕೊಳ್ಳಿ. ಅಂದಹಾಗೆ, ನಮ್ಮ ರಥೋತ್ಸವದಲ್ಲಿ ಹಗ್ಗಕ್ಕೆ ಕೈ ಹಾಕಿದಂತೆ ಇಲ್ಲಿ ಹಾಕಬೇಡಿ, ಎಳೆಯುವುದು ಆಯಾ ಓಣಿಯವರ ಕೆಲಸ.

ನಗೋಯಾದಿಂದ 'ಹಿದಾ' ಎಕ್ಸ್‌ಪ್ರೆಸ್‌ಗೆ ಸುಮಾರು ಎರಡೂವರೆ ಗಂಟೆ, ಸೀಟು ಕಾದಿರಿಸಿ. ಗಿಫುವರೆಗೆ ಆಸನಗಳು ಹಿಮ್ಮುಖವಾಗಿರುತ್ತವೆ, ಅಲ್ಲಿ ರೈಲೇ ದಿಕ್ಕು ಬದಲಿಸುತ್ತದೆ. ಟೋಕಿಯೊದಿಂದ ಬರುವವರು ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ತೊಯಾಮಾಕ್ಕೆ ಬಂದು, ಅಲ್ಲಿಂದ ಒಂದೂವರೆ ಗಂಟೆಯಲ್ಲಿ ಇಳಿಯಬಹುದು. ಏಪ್ರಿಲ್‌ನಲ್ಲೂ ರಾತ್ರಿ ಸೊನ್ನೆ ಡಿಗ್ರಿ ಹತ್ತಿರಕ್ಕೆ ಇಳಿಯುವುದುಂಟು. ಲಾಟೀನು ನೋಡುತ್ತ ನಿಲ್ಲಲು ದಪ್ಪ ಜಾಕೆಟ್ ಬೇಕೇ ಬೇಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರ. ಸೋಬಾ ನೂಡಲ್ಸ್, ಹುದುಗಿಸಿದ ಸೋಯಾದ ಮಿಸೊ ಸೂಪ್ ಎಲ್ಲದರ ತಳದಲ್ಲೂ ಮೀನಿನ ಸಾರು ಇರುತ್ತದೆ, 'ಮಾಂಸ ಬೇಡ' ಎಂದರೆ ಅದು ಬಿಟ್ಟುಹೋಗುವುದಿಲ್ಲ. ಮೀನಿನ ಸಾರೂ ಬೇಡವೆಂದು ಜಪಾನಿಯಲ್ಲಿ ಬರೆದ ಚೀಟಿ ಇಟ್ಟುಕೊಳ್ಳಿ. ಬೀದಿಯ ಬಿಸಿ ಬನ್ನುಗಳಲ್ಲಿ ಈ ಸೀಮೆಯ ಹೆಸರಾಂತ ದನದ ಮಾಂಸ ಇರಬಹುದು, ಕೇಳಿಯೇ ಕೊಳ್ಳಿ. ಅಕ್ಕಿಹಿಟ್ಟಿನ ಉಂಡೆಗೆ ಸೋಯಾ ಸಾಸ್ ಸವರಿ ಸುಡುವ ಮಿತರಾಶಿ ದಾಂಗೊ ಇಲ್ಲಿ ಸಿಹಿಯಲ್ಲ, ಖಾರವೂ ಅಲ್ಲ, ಉಪ್ಪುಪ್ಪು.

ಹುಲ್ಲುಚಾವಣಿಯ ಶಿರಾಕಾವಾಗೊ ಹಳ್ಳಿಗೆ ಬಸ್ಸಿನಲ್ಲಿ 50 ನಿಮಿಷ. ಅಕ್ಟೋಬರ್‌ನಲ್ಲಿ ಹೋದವರು ಉಳಿದುಕೊಳ್ಳಲಾದರೆ, 14-15ರಂದು ಅಲ್ಲಿನ ಶಿರಾಕಾವಾ ಹಚಿಮಾನ್ ದೇಗುಲದಲ್ಲಿ ಸೋಸದ ಅಕ್ಕಿ ಮದ್ಯ ಹಂಚುವ ದೊಬುರೊಕು ಹಬ್ಬವೂ ಸಿಗುತ್ತದೆ.