ಅಕ್ಕೋರೇ, ಯಂತ್ರವಿಲ್ಲದೆ ಇದನ್ನು ಹೇಗೆ ಕಡೆದರು?

ಶಿರಸಿಯ ಸುತ್ತಮುತ್ತಲ ಶಾಲೆಗಳಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು ನಾನು. ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ, ಮದುವೆಮನೆಯ ಪಂಕ್ತಿಯಲ್ಲಾಗಲಿ ಮಾರಿಜಾತ್ರೆಯ ಗದ್ದಲದಲ್ಲಾಗಲಿ, ಒಂದು ಪ್ರಶ್ನೆ ಬಂದೇ ಬರುತ್ತದೆ. "ಅಕ್ಕೋರೇ, ಎಲ್ಲೋರದ ಕೈಲಾಸ ಗುಡಿಯನ್ನು ಮನುಷ್ಯರೇ ಕಡೆದದ್ದು ಹೌದೇ? ಬೇರೆ ಗ್ರಹದವರು ಬಂದು ಮಾಡಿದ್ದು ಎಂದು ಮೊಬೈಲಿನಲ್ಲಿ ತೋರಿಸುತ್ತಾರಲ್ಲ?" ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಬೆಟ್ಟವನ್ನೇ ಕಡೆದು ಮಾಡಿದ ಆ ಗುಡಿಯ ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿದ ದಿನ ನನಗೂ ಬಹಳ ಹೊತ್ತು ಮಾತು ಹೊರಡಲಿಲ್ಲ.

ನನ್ನ ಉತ್ತರ ನಮ್ಮ ಮನೆಯ ಬಾವಿಯಿಂದ ಶುರುವಾಗುತ್ತದೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪಯ್ಯ ತೋಟದ ಅಂಚಿನಲ್ಲಿ ಬಾವಿ ತೆಗೆಸಿದರು. ಕರಾವಳಿಯ ಕಡೆಯಿಂದ ಐದು ಜನ ಬಂದಿದ್ದರು. ಅವರಲ್ಲಿ ಹಿರಿಯನಾದವನು ಮೊದಲು ಹಾರೆಯ ಬೆನ್ನಿನಿಂದ ಅಲ್ಲಲ್ಲಿ ನೆಲವನ್ನು ಕುಟ್ಟಿ, ಕಿವಿಗೊಟ್ಟು ಸದ್ದು ಕೇಳಿದ. "ಇಲ್ಲಿ ಕಲ್ಲು ಗಟ್ಟಿ ಇದೆ ಒಡೆಯರೇ, ಗೋಡೆ ಕುಸಿಯುವುದಿಲ್ಲ" ಎಂದ. ನಡುವೆ ಗೂಟ ನೆಟ್ಟು, ಹಗ್ಗ ಕಟ್ಟಿ, ಸುತ್ತಲೂ ಗೆರೆ ಎಳೆದರು. ಆಮೇಲೆ ಅವರು ಮಾಡಿದ್ದು ನನಗೆ ಆಗ ವಿಚಿತ್ರವಾಗಿ ಕಂಡಿತ್ತು. ನಡುವಿನಲ್ಲಿ ಅಗೆಯದೆ ಗೆರೆಯ ಗುಂಟ ಕಾಲುವೆಯಂತೆ ಕಡಿಯುತ್ತ ಹೋದರು. ನಡುವೆ ದಿಬ್ಬದಂತೆ ಒಂದು ಗುಡ್ಡೆ ಉಳಿಯುತ್ತಿತ್ತು. ಅದರ ಮೇಲೆ ಬುಟ್ಟಿ ಇಟ್ಟುಕೊಳ್ಳುತ್ತಿದ್ದರು, ಸುತ್ತಲಿನ ಕೆಲಸ ಮುಗಿದ ಮೇಲೆ ಅದನ್ನೂ ಕಡಿದು ಮೇಲಕ್ಕೆ ಕಳಿಸುತ್ತಿದ್ದರು. ಮತ್ತೆ ಕಾಲುವೆ, ಮತ್ತೆ ದಿಬ್ಬ. ಒಂದು ಬದಿಯ ಗೋಡೆಯಲ್ಲಿ ಮಾತ್ರ ಅಲ್ಲಲ್ಲಿ ಒಂದಿಷ್ಟು ಕಲ್ಲನ್ನು ಮುಟ್ಟದೆ ಬಿಡುತ್ತ ಬಂದರು. ಬೇಸಿಗೆ ಮುಗಿಯುವಷ್ಟರಲ್ಲಿ 42 ಅಡಿ ಆಳದ ಬಾವಿಯೂ, ಅದಕ್ಕೆ ಇಳಿಯುವ ಮೆಟ್ಟಿಲುಗಳೂ ಒಟ್ಟಿಗೇ ಸಿದ್ಧವಾಗಿದ್ದವು. ಆ ಮೆಟ್ಟಿಲುಗಳನ್ನು ಯಾರೂ ಕಟ್ಟಿರಲಿಲ್ಲ. ಕಡಿಯದೆ ಬಿಟ್ಟದ್ದೇ ಮೆಟ್ಟಿಲಾಗಿತ್ತು.

ಎಲ್ಲೋರದಲ್ಲೂ ಹೀಗೆಯೇ ಆಯಿತು. ಬೆಟ್ಟದ ನೆತ್ತಿಯಿಂದ ಮೂರು ಕಡೆ ಆಳವಾದ ಕಂದಕ ಇಳಿಸಿದರು. ನಮ್ಮ ಬಾವಿಯವರು ನಡುವಿನ ದಿಬ್ಬವನ್ನು ತೆಗೆದರು, ರಾಷ್ಟ್ರಕೂಟರ ಕಲ್ಲುಕುಟಿಗರು ಅದನ್ನು ಉಳಿಸಿಕೊಂಡು ಶಿಖರದಿಂದ ಪಾದದವರೆಗೆ ದೇವಾಲಯವಾಗಿ ಕಡೆದರು. ಮೇಲಿನಿಂದ ಕೆಳಕ್ಕೆ ಕೆಲಸ ಮಾಡಿದರೆ ಅಟ್ಟಣಿಗೆ ಬೇಕಿಲ್ಲ, ನಿಲ್ಲಲು ಕಾಲಡಿಯ ಬಂಡೆಯೇ ಇರುತ್ತದೆ. ಮೇಲಿನಿಂದ ಬೀಳುವ ಚಕ್ಕೆ ಮುಗಿದ ಕೆತ್ತನೆಗೆ ತಾಗುವುದಿಲ್ಲ, ಏಕೆಂದರೆ ಕೆಳಗೆ ಮುಗಿದ ಕೆತ್ತನೆ ಇನ್ನೂ ಹುಟ್ಟಿಯೇ ಇಲ್ಲ.

"ಅಷ್ಟೊಂದು ಕಲ್ಲನ್ನು ಕೈಯಲ್ಲಿ ತೆಗೆಯಲು ಸಾಧ್ಯವೇ?" ಎಂದು ಮುಂದಿನ ಪ್ರಶ್ನೆ ಬರುತ್ತದೆ. ಲೆಕ್ಕ ಹಾಕಿಯೇ ನೋಡೋಣ. ಆ ಹೊಂಡ ಸುಮಾರು 280 ಅಡಿ ಉದ್ದ, 160 ಅಡಿ ಅಗಲ, ಹಿಂಬದಿಯಲ್ಲಿ ಸುಮಾರು 100 ಅಡಿ ಆಳ. ಹೊರಗೆ ಹಾಕಿದ ಕಲ್ಲು 2 ಲಕ್ಷ ಟನ್ ಇರಬಹುದೆಂದು ಅಂದಾಜು. ಮಾಡಿಸಿದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣ ಆಳಿದ್ದು ಸುಮಾರು 756ರಿಂದ 773ರವರೆಗೆ, ಅಂದರೆ 17 ವರ್ಷ. ವರ್ಷಕ್ಕೆ 300 ದಿನ ಕೆಲಸವೆಂದರೆ 5,100 ದಿನ. ದಿನಕ್ಕೆ 40 ಟನ್ನಿಗೂ ಸ್ವಲ್ಪ ಕಡಿಮೆ. ಕಡಿಯುವವರೇ 200 ಮಂದಿ ಇದ್ದರೆ ತಲೆಗೆ ಹೆಚ್ಚೆಂದರೆ 200 ಕಿಲೋ. ಬಸಾಲ್ಟ್ ಎಂಬ ಆ ಕಪ್ಪು ಕಲ್ಲಿನ ಲೆಕ್ಕದಲ್ಲಿ ಇದು ಎರಡೂವರೆ ಘನ ಅಡಿ. ಕಷ್ಟದ ಕೂಲಿ, ಬೆನ್ನು ಮುರಿಯುವ ಕೂಲಿ, ಆದರೆ ಮನುಷ್ಯನ ಕೂಲಿಯೇ. ಸುತ್ತಲಿನ ಕೆಲವು ಭಾಗಗಳು ಆತನ ನಂತರವೂ ಮುಂದುವರಿದವು, ಹಾಗಾಗಿ ದಿನದ ಹೊರೆ ಇನ್ನೂ ಹಗುರವಾಗಿರಬೇಕು.

ಈ ಲೆಕ್ಕದಲ್ಲಿ ಬಾರದವರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ನಮ್ಮ ಬಾವಿಯ ಕಾಲದಲ್ಲಿ ಪ್ರತಿ ಸಂಜೆ ಹಾರೆ, ಪಿಕಾಸಿಗಳು ಆಚಾರಿಯ ಕುಲುಮೆಗೆ ಹೋಗಿ ಮೊನೆ ಮಾಡಿಸಿಕೊಂಡು ಬರುತ್ತಿದ್ದವು. ಕೆಂಪು ಚಿರೆಕಲ್ಲಿಗೇ ಹೀಗಾದರೆ ಬಸಾಲ್ಟಿಗೆ ಎಷ್ಟು ಚಾಣಗಳು ಮೊಂಡಾಗಿರಬೇಡ! ಕಮ್ಮಾರರು, ಇದ್ದಿಲು ಸುಡುವವರು, ಬುಟ್ಟಿ ಹೆಣೆಯುವವರು, ಚಕ್ಕೆ ಹೊರುವವರು, ಅಷ್ಟು ಜನಕ್ಕೆ ಅನ್ನ ಬೇಯಿಸುವವರು. ಬೇರೆ ಗ್ರಹದವರ ಕಥೆ ಕೇಳಿದಾಗ ನನಗೆ ನೋವಾಗುವುದು ಇವರೆಲ್ಲರ ಕೈಯಿಂದ ಆ ಕೆಲಸವನ್ನು ಕಸಿದುಕೊಂಡಂತೆ ಅನಿಸುವುದರಿಂದ.

ತೆಗೆದ ಕಲ್ಲೆಲ್ಲ ಎಲ್ಲಿ ಹೋಯಿತು ಎಂದೂ ಕೇಳುತ್ತಾರೆ. ನಮ್ಮ ಬಾವಿಯ ಕಲ್ಲಿನ ರಾಶಿ ಮನೆಯಷ್ಟೇ ಎತ್ತರವಿತ್ತು. ಹತ್ತು ವರ್ಷದಲ್ಲಿ ಅದು ತೋಟದ ಅಗಳದ ಕಟ್ಟೆಯಾಗಿ, ರಸ್ತೆಯ ಹೊಂಡಕ್ಕೆ ಬಿದ್ದು, ಊರವರ ಕೊಟ್ಟಿಗೆಯ ಅಡಿಪಾಯವಾಗಿ ಕಾಣದಾಯಿತು. ಎಲ್ಲೋರಕ್ಕೆ 1,200 ವರ್ಷಕ್ಕೂ ಹೆಚ್ಚು ಸಮಯ ಸಿಕ್ಕಿದೆ.

ಇಷ್ಟು ಹೇಳಿದರೂ ಕೆಲವರಿಗೆ ಸಮಾಧಾನವಾಗುವುದಿಲ್ಲ. ಅವರಿಗೆ ನಾನು ಅರ್ಧಕ್ಕೆ ನಿಂತ ಕೆಲಸಗಳನ್ನು ನೋಡಿಬನ್ನಿ ಎನ್ನುತ್ತೇನೆ. ಮುಗಿದ ಗುಡಿ ತನ್ನ ಗುಟ್ಟನ್ನು ಮುಚ್ಚಿಕೊಳ್ಳುತ್ತದೆ, ಮುಗಿಯದ್ದು ಎಲ್ಲವನ್ನೂ ಹೇಳುತ್ತದೆ. ಮಹಾಬಲಿಪುರದ ಅಪೂರ್ಣ ಗುಹೆಗಳಲ್ಲಿ ಗ್ರಾನೈಟಿನ ಮೇಲೆ ಚದುರಂಗದ ಮನೆಯಂತೆ ಚೌಕಗಳಿವೆ. ಸುತ್ತ ಕಾಲುವೆಯಂತೆ ಕೊರೆದು, ನಡುವಿನ ಉಬ್ಬನ್ನು ಹೊಡೆದು ಉರುಳಿಸಿ, ಮತ್ತೆ ಅದೇ ರೀತಿ ಒಳಗೆ ಸರಿದಿದ್ದಾರೆ. ಅಲ್ಲಿಯ ಧರ್ಮರಾಜ ರಥದ ಮೇಲಂತಸ್ತುಗಳು ನಯವಾಗಿ ಮುಗಿದಿದ್ದರೆ ಕೆಳಗಿನದು ಒರಟಾಗಿಯೇ ಉಳಿದಿದೆ. ಅಜಂತಾದ 24ನೆಯ ಗುಹೆಯಲ್ಲಿ ಉದ್ದುದ್ದ ಓಣಿಗಳನ್ನು ಕೊರೆದು, ನಡುವಿನ ಗೋಡೆಗಳನ್ನು ಆಮೇಲೆ ಒಡೆಯುವ ಕ್ರಮ ಕಾಣುತ್ತದೆ. ಇವೆಲ್ಲ ಕೆಲಸದ ನಡುವೆ ಕೈ ಬಿಟ್ಟು ಎದ್ದುಹೋದವರ ಗುರುತುಗಳು.

ನಿಜವಾಗಿ ಕಠಿಣವಾದ ಪ್ರಶ್ನೆಯನ್ನು ಒಮ್ಮೆ ಒಬ್ಬ ಹುಡುಗಿ ಕೇಳಿದ್ದಳು. "ಬಂಡೆಯ ಒಳಗೆ ಗುಡಿ ಎಲ್ಲಿದೆ ಎಂದು ಮೇಲೆ ನಿಂತವನಿಗೆ ಹೇಗೆ ಗೊತ್ತಾಯಿತು?" ಗೊತ್ತಿತ್ತು, ಏಕೆಂದರೆ ಆ ಗುಡಿಯನ್ನು ಕನ್ನಡ ನಾಡಿನಲ್ಲಿ ಆಗಲೇ ಕಟ್ಟಿ ಆಗಿತ್ತು. ಚಾಲುಕ್ಯ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ವಿರೂಪಾಕ್ಷ ದೇವಾಲಯ ಕೈಲಾಸಕ್ಕಿಂತ ಕೆಲವೇ ದಶಕ ಹಿರಿಯದು. ಎರಡರ ವಿನ್ಯಾಸವನ್ನು ಹೋಲಿಸಿದ ವಿದ್ವಾಂಸರು ಇದೇ ಅದರ ಮಾದರಿ ಎಂದಿದ್ದಾರೆ. ಅದಕ್ಕೂ ಹಿಂದೆ ಬಾದಾಮಿಯ ಮರಳುಗಲ್ಲಿನಲ್ಲಿ ಕೈ ಪಳಗಿತ್ತು. ಅಲ್ಲಿನ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಾಸನದ ಕಾಲ 578. ತಲೆಮಾರುಗಳ ಅಳತೆ ಬೆರಳಿನಲ್ಲಿದ್ದವರಿಗೆ ತೂಗುಗುಂಡು, ದಾರ, ಬಣ್ಣ ಸಾಕು. ತಪ್ಪುಗಳೂ ಆಗಿರಬೇಕು, ಆದರೆ ಅವು ಹೊದಿಕೆಯಡಿ ಮುಚ್ಚಿಹೋಗಿರಬಹುದು. ಕೈಲಾಸದ ಮೇಲೆ ಒಮ್ಮೆ ಗಾರೆ, ಬಣ್ಣಗಳ ಹೊದಿಕೆ ಇತ್ತು, ಅದರ ಗುರುತು ಇಂದಿಗೂ ಕಾಣುತ್ತದೆ.

ಬೆರಗು ನಮ್ಮ ಕಾಲದ್ದು ಮಾತ್ರವಲ್ಲ. ರಾಷ್ಟ್ರಕೂಟರ ಗುಜರಾತ್ ಶಾಖೆಯ ಕರ್ಕರಾಜನ ಬರೋಡಾ ತಾಮ್ರಶಾಸನ ಸುಮಾರು 812ರದು. ವಿಮಾನದಲ್ಲಿ ಸಾಗುವ ದೇವತೆಗಳು ಏಲಾಪುರದ, ಅಂದರೆ ಎಲ್ಲೋರದ, ಈ ಗುಡಿಯನ್ನು ಕಂಡು ಇದು ತಾನಾಗಿ ಉದ್ಭವಿಸಿದ್ದು, ಕೈಯಿಂದ ಆಗುವ ಕೆಲಸವಲ್ಲ ಎಂದುಕೊಂಡರಂತೆ. ಆದರೆ ಅದೇ ಶಾಸನ ಕಡೆದ ಶಿಲ್ಪಿಯನ್ನೂ ಮರೆಯುವುದಿಲ್ಲ: ಇನ್ನೊಮ್ಮೆ ಇಂಥದ್ದನ್ನು ಮಾಡಲಾರೆನೆಂದು ತಿಳಿದು, "ಅಯ್ಯೋ, ಇದನ್ನು ನಾನು ಹೇಗೆ ಮಾಡಿದೆ!" ಎಂದು ಅವನೇ ಬೆರಗಾದನಂತೆ. ಇದನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತಿತ್ತು.

ಎಲ್ಲೋರ ದೂರವಾದರೆ ಹತ್ತಿರದಲ್ಲೂ ನೋಡಬಹುದು. ಕಾರವಾರ ದಾಟಿ ಗೋವೆಯ ಹರವಳೆಗೆ ಹೋದರೆ ನಮ್ಮದೇ ಚಿರೆಕಲ್ಲಿನಲ್ಲಿ ಕೊರೆದ ಗುಹೆಗಳಿವೆ. ಶಿರಸಿಯಿಂದ ಯಲ್ಲಾಪುರದ ಹಾದಿಯಲ್ಲಿ ಶಾಲ್ಮಲೆಯ ಹರಿವಿನ ನಡುವೆ ಸಹಸ್ರಲಿಂಗವಿದೆ. ಸೋಂದೆಯ ಅರಸ ಸದಾಶಿವರಾಯ ಮಾಡಿಸಿದ್ದೆನ್ನುವ ಆ ಲಿಂಗಗಳು, ನಂದಿಗಳು ಎಲ್ಲಿಂದಲೋ ತಂದಿಟ್ಟವಲ್ಲ, ಹೊಳೆಯ ಬಂಡೆಗಳಲ್ಲೇ ಕಡೆದವು. ನೀರು ಇಳಿದ ತಿಂಗಳುಗಳಲ್ಲಿ ಬಗ್ಗಿ ನೋಡಿದರೆ ಲಿಂಗ ಎಲ್ಲಿ ಮುಗಿಯಿತು, ಬಂಡೆ ಎಲ್ಲಿ ಶುರುವಾಯಿತು ಎಂಬುದು ತಿಳಿಯುತ್ತದೆ.

ಮನೆಗೆ ಬಂದವರು ಕೇಳಿದರೆ ಮಾತ್ರ ಬಾವಿಯ ಕಟ್ಟೆಗೇ ಕರೆದೊಯ್ಯುತ್ತೇನೆ. ಏಪ್ರಿಲ್ ಕೊನೆಗೆ ನೀರು ಕೆಳಗಿಳಿದಾಗ ಬಿಸಿಲು ಒಳಗೆ ಓರೆಯಾಗಿ ಬೀಳುತ್ತದೆ. ಕೆಂಪು ಗೋಡೆಯ ಮೇಲೆ ಹಾರೆಯ ಗೀರುಗಳು ಒಂದರ ಕೆಳಗೊಂದು ಸಾಲಾಗಿ ಕಾಣುತ್ತವೆ, ಎಲ್ಲವೂ ಬಲದಿಂದ ಎಡಕ್ಕೆ ವಾಲಿದವು. ಒಂದು ಕಡೆ ಮಾತ್ರ, ಸುಮಾರು ಒಂದು ಮಾರು ಅಗಲ, ಗೀರುಗಳು ಎಡದಿಂದ ಬಲಕ್ಕೆ ವಾಲಿವೆ. ಆ ಐವರಲ್ಲಿ ಒಬ್ಬ ಎಡಗೈಯವನಿದ್ದ.