ಹನಿ ಬೀಳದ ಜನವರಿಗೆ ಪ್ಲಸ್ 0.25: ಮಳೆ ಪುಸ್ತಕದ ಲೆಕ್ಕ ಎಲ್ಲಿಗೆ ಬಂತು

ಮೂರು ವಾರದಿಂದ ತಲೆ ತಿನ್ನುತ್ತಿದ್ದ ಗಂಟು ನಿನ್ನೆ ರಾತ್ರಿ ಬಿಚ್ಚಿತು. ಪೂರ್ತಿ ಅಲ್ಲ, ಮುಕ್ಕಾಲು.

ಕೊಡಗಿನ ಸುಂಟಿಕೊಪ್ಪದ ನಮ್ಮ ಕಾಫಿ ತೋಟದ ಮಳೆ ಪುಸ್ತಕ, 40 ವರ್ಷದ್ದು, ಕಂಪ್ಯೂಟರಿಗೆ ಏರಿಸಿ ಆಯಿತು. ಇಂಚು-ಸೆಂಟನ್ನು (ಸೆಂಟು ಅಂದರೆ ಇಂಚಿನ ನೂರನೇ ಒಂದು ಪಾಲು) ಮಿಲಿಮೀಟರಿಗೆ ತಿರುಗಿಸುವ ಕೆಲಸ ನಿಮಗೆಲ್ಲ ಗೊತ್ತಿರುವುದೇ, ಬಿಡಿ. ಎಸ್‌ಪಿಐ ಹಾಕಿದೆ, ಮಳೆ ಮಾಮೂಲಿಗಿಂತ ಎಷ್ಟು ಹೆಚ್ಚು (ಪ್ಲಸ್), ಎಷ್ಟು ಕಡಿಮೆ (ಮೈನಸ್) ಅಂತ ಹೇಳುವ ಸೂಚ್ಯಂಕ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನದು ಚೆನ್ನಾಗಿ ಬಂತು. 2023ರ ಮುಂಗಾರು ಕೈಕೊಟ್ಟಿದ್ದು ಗ್ರಾಫಿನಲ್ಲಿ ಗುಂಡಿ ಬಿದ್ದ ಹಾಗೆ ಕಾಣುತ್ತದೆ. ಆಮೇಲೆ ಜನವರಿ ತೆರೆದೆ. ಒಂದು ಹನಿಯೂ ಬೀಳದ ಜನವರಿಗೆ ಪ್ಲಸ್ 0.25! ಅಂದರೆ ಮಾಮೂಲಿಗಿಂತ ಚೂರು ಜಾಸ್ತಿ ಮಳೆ.

ಎರಡು ದಿನ ಕೋಡ್ ಹುಡುಕಿದೆ. ಕೋಡ್ ಸರಿಯಾಗಿಯೇ ಇತ್ತು. ಎಸ್‌ಪಿಐಗಾಗಿ ಮಳೆಗೆ ಹೊಂದಿಸುವ ಗಣಿತದ ರೇಖೆ, ಗಾಮಾ ವಿತರಣೆ, ಅದಕ್ಕೆ ಸೊನ್ನೆ ಕೂರುವುದಿಲ್ಲ, ಹಾಗಾಗಿ ಸೊನ್ನೆಗಳ ಪಾಲನ್ನು ಬೇರೆ ಎಣಿಸಿ ಸೇರಿಸುತ್ತೇವೆ. ನಮ್ಮ 40 ಜನವರಿಗಳಲ್ಲಿ 24 ಸೊನ್ನೆ. ಪಾಲು 0.6. ಅದನ್ನು ನಾರ್ಮಲ್ ಕರ್ವ್‌ಗೆ, ಅಂದರೆ ಗಂಟೆಯಾಕಾರದ ರೇಖೆಗೆ, ಇಳಿಸಿದರೆ 0.25. ಆ ಲೆಕ್ಕಕ್ಕೆ ಒಣ ಜನವರಿಯೇ ಮಾಮೂಲಿ. ಸೊನ್ನೆಗಳಿಗೆ ನಡುವಿನ ಸ್ಥಾನ ಕೊಡುವ ತಿದ್ದುಪಡಿಯನ್ನೂ ನೋಡಿದೆ, ಮೈನಸ್ 0.5 ಬಂತು. ಬರ ಅನ್ನಲು ಮೈನಸ್ 1 ಬೇಕಲ್ವಾ?

ಹನ್ನೆರಡು ತಿಂಗಳ ಮಳೆ ಕೂಡಿಸಿ ಹಾಕುವ ಎಸ್‌ಪಿಐ ಇನ್ನೂ ಕಷ್ಟ. ಆಷಾಢದ ಮಳೆಯ ಕೆಳಗೆ, ಕಾಫಿ ಹೂ ಅರಳಿಸುವ ಹೂಮಳೆಯ ಒಂದು ಇಂಚು ಹುಡುಕಿದರೂ ಸಿಗುವುದಿಲ್ಲ. ರೊಬಸ್ಟಾ ಕಾಫಿ ಬೆಳೆಯುವವನಿಗೆ ವರ್ಷವೆಲ್ಲ ಆ ಒಂದು ಇಂಚಿನ ಮೇಲೆ ನಿಂತಿರುತ್ತದೆ.

ದಾರಿ ತೋರಿಸಿದ್ದು ಆ ಪುಸ್ತಕದಲ್ಲಿ ಅಜ್ಜ ಗುರುತು ಹಾಕಿದ ಕೆಂಪು ಪೆನ್ಸಿಲ್. ಅವರು ತಿಂಗಳ ಮೊತ್ತಕ್ಕೆ ಗೆರೆಯೇ ಎಳೆದಿಲ್ಲ. ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದಾರೆ: ‘ಹೂ 1-10, ಬ್ಯಾಕಿಂಗ್ 0-85, 17 ದಿನ.’ ಅಂದರೆ ಹೂಮಳೆ 1 ಇಂಚು 10 ಸೆಂಟು, ಅದಾಗಿ 17 ದಿನಕ್ಕೆ ಬ್ಯಾಕಿಂಗ್, ಕಾಯಿ ಕಟ್ಟಿಸುವ ಎರಡನೇ ಮಳೆ, 85 ಸೆಂಟು. ಪ್ರತಿ ವರ್ಷ ಹೀಗೇ. ಕ್ಯಾಲೆಂಡರ್ ತಿಂಗಳು ಅವರಿಗೆ ಬೇಕೇ ಇರಲಿಲ್ಲ.

ನಾನೂ ಬಿಟ್ಟೆ. ಫೆಬ್ರವರಿ 15ರಿಂದ ಮಾರ್ಚ್ 31ರವರೆಗಿನ ಮಳೆಯನ್ನು ಒಟ್ಟಿಗೆ ತೆಗೆದುಕೊಂಡೆ. ಅಲ್ಲಿ 40ರಲ್ಲಿ ಮೂರೇ ಸೊನ್ನೆ. ಸೊನ್ನೆಯ ವರ್ಷ ಈಗ ಮೈನಸ್ 1.4ಕ್ಕೆ ಇಳಿಯುತ್ತದೆ. ಪಕ್ಕದ ಕಾಲಮ್ಮಿನಲ್ಲಿ ಹೂಮಳೆಯಿಂದ ಬ್ಯಾಕಿಂಗ್‌ವರೆಗಿನ ದಿನಗಳು. ಎರಡೂ ಸೇರಿಸಿ ನೋಡಿದಾಗ ಫಸಲು ಕೆಟ್ಟ ವರ್ಷಗಳು ತಾವಾಗಿಯೇ ಸಾಲಾಗಿ ನಿಂತವು. ಖುಷಿಗೆ ಜಗಲಿಯಲ್ಲಿ ಒಂದು ಸುತ್ತು ಓಡಾಡಿದೆ.

ಮಾರ್ಚ್‌ನ ಬಿಸಿಲನ್ನೂ ಲೆಕ್ಕಕ್ಕೆ ತರಲು ಎಸ್‌ಪಿಇಐ ಬೇಕು, ಮಳೆಯಿಂದ ಆವಿಯಾಗಬಲ್ಲ ನೀರನ್ನು ಕಳೆದು ಹಾಕುವ ಸೂಚ್ಯಂಕ. ಆವಿಯನ್ನು ಅಂದಾಜಿಸುವ ಹಾರ್ಗ್ರೀವ್ಸ್ ಸೂತ್ರಕ್ಕೆ ದಿನದ ಗರಿಷ್ಠ, ಕನಿಷ್ಠ ತಾಪಮಾನ ಸಾಕು. ಅದಕ್ಕೆಂದೇ ತಾಪಮಾನ, ಮಳೆ ಎರಡನ್ನೂ ಅಳೆಯುವ ಸೆಟ್ ತರಿಸಿದೆ. ಮಳೆಮಾಪಕದ ಒಳಗಿನ ಪುಟ್ಟ ಬಕೆಟ್ ಪ್ರತಿ 0.2 ಮಿ.ಮೀ. ಮಳೆಗೊಮ್ಮೆ ಮಗುಚುತ್ತದೆ ಅಂತ ಮಾರಿದವರು ಅಂದಿದ್ದರು. ಬಾಯಿ 20 ಸೆಂ.ಮೀ. ಅಗಲ, ಹಾಗಾದರೆ ಸುಮಾರು 6.3 ಎಂ.ಎಲ್.ಗೆ ಮಗುಚಬೇಕು. ಸಿರಿಂಜ್‌ನಿಂದ ಹನಿಹನಿಯಾಗಿ ನೀರು ಬಿಟ್ಟೆ. ಮಗುಚಿದ್ದು 15 ದಾಟಿದ ಮೇಲೆ. 0.5ರದ್ದು ಕಳಿಸಿದ್ದಾರೆ. ಫೋನ್ ಮಾಡಿದರೆ ‘ಮಳೆ ಮಳೆನೇ ಅಲ್ವಾ ಸಾರ್’ ಅಂತಾರೆ. ಕೋಪ ಇನ್ನೂ ಇಳಿದಿಲ್ಲ.

ಇದು ಮುಗಿದರೆ ಕೆರೆಗೆ ಅಳತೆಪಟ್ಟಿ ನೆಡಬೇಕು. ಸ್ಪ್ರಿಂಕ್ಲರ್ ಹಾಕಿದ ದಿನ ನೀರು ಎಷ್ಟು ಇಳಿಯಿತು ಅಂತ ಬರೆದಿಟ್ಟರೆ ಬರದ ಇನ್ನೊಂದು ಮುಖ ಸಿಗುತ್ತದೆ. ಪೈಪು, ಬಣ್ಣ ಆಗಲೇ ತಂದಿಟ್ಟಿದ್ದೇನೆ.

ಉಳಿದ ಕಾಲು ಭಾಗದ ಗಂಟು: ಮಳೆ ಬಾರದ ದಿನ ಅಜ್ಜ ‘ಇಲ್ಲ’ ಅಂತ ಬರೆಯುತ್ತಿದ್ದರು. ಸೊನ್ನೆಯ ಮೂರು ವರ್ಷಗಳಲ್ಲಿ ಒಂದರಲ್ಲಿ ಮಾರ್ಚ್‌ನ ನಾಲ್ಕು ದಿನ ಪೂರಾ ಖಾಲಿ. ಊರಲ್ಲಿರಲಿಲ್ಲವೋ ಏನೋ, ಹಾಗಾದರೆ ಆ ಸೊನ್ನೆ ನಿಜವಾದ ಸೊನ್ನೆಯೋ ಅಲ್ಲವೋ ಗೊತ್ತಿಲ್ಲ. ಭಾನುವಾರ ದೊಡ್ಡಪ್ಪನ ಮನೆಗೆ ಹೋಗಿ, ಆ ಮಾರ್ಚ್‌ನಲ್ಲಿ ಯಾರ ಮದುವೆ ಇತ್ತು ಅಂತ ಕೇಳಬೇಕು.